ಗಂಟೆಯಣ್ಣನ ಹಿಮ್ಮಡಿ

ಅವರ ಹಿಮ್ಮಡಿಯ ಬಿರುಕಿನಲ್ಲಿ ಬೆಂಕಿಕಡ್ಡಿ ನಿಲ್ಲಿಸಬಹುದಿತ್ತು. ಚರ್ಚಿನ ಪೀಠದ ಮೇಲೆ ಉರಿದು ಉಳಿದ ಮೇಣದ ಬತ್ತಿಯ ಚೂರುಗಳನ್ನು ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ, ಬೆಚ್ಚಗಿರುವಾಗಲೇ ಆ ಬಿರುಕುಗಳಿಗೆ ತುಂಬಿಕೊಳ್ಳುತ್ತಿದ್ದರು. "ದೇವ್ರ ಮುಂದೆ ಉರಿದಿದ್ದು, ನನ್ ಕಾಲಿಗೂ ಒಂಚೂರು ಆಗ್ಲಿ ಬಿಡಿ" ಎಂದು ನಗುತ್ತಿದ್ದರು. ಹಲಸೂರು ಕಡೆಯ ನಮ್ಮ ಚರ್ಚಿನಲ್ಲಿ ಗಂಟೆ ಹೊಡೆಯುವುದು, ನೆಲ ಒರೆಸುವುದು, ಸಭೆಗಳಿಗೆ ಚಹಾ ತರುವುದು ಎಲ್ಲವೂ ಅವರದೇ ಕೆಲಸ. ಹಾಗಾಗಿ ಹಿರಿಯರು ಕಿರಿಯರೆನ್ನದೆ ಎಲ್ಲರಿಗೂ ಅವರು ಗಂಟೆಯಣ್ಣ. ಚರ್ಚಿನ ಆವರಣದಲ್ಲಿ ಅವರು ಚಪ್ಪಲಿ ಮೆಟ್ಟಿದ್ದನ್ನು ನಾನು ನೋಡಿಲ್ಲ.

ನಾನು ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ತಪಾಸಣೆಯ ಕೆಲಸ ಮಾಡಿದವನು. ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಕೆಂಪು ಡಬ್ಬಕ್ಕೆ ಎಸೆಯುವುದೇ ನನ್ನ ಉದ್ಯೋಗ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಸ್ವಯಂ ನಿವೃತ್ತಿ ಎಂಬ ಚಂದದ ಹೆಸರಿನಲ್ಲಿ ನನ್ನನ್ನೇ ಆ ಡಬ್ಬಕ್ಕೆ ಹಾಕಿದರು. ಆಗ ನನಗೆ ನಲವತ್ತಾರು. ಬೆಳಿಗ್ಗೆ ಪೂಜೆಗೆ ಹೋಗುವುದು, ಕೆರೆಯ ಸುತ್ತ ನಡೆಯುವುದು, ಮನೆಗೆ ಬಂದು ಹೆಂಡತಿಯ ಅಡುಗೆಯಲ್ಲಿ ತಪ್ಪು ಹುಡುಕುವುದು, ಇಷ್ಟೇ ದಿನಚರಿ. "ದೇವರೇ, ನನ್ನಿಂದ ಆಗುವ ಕೆಲಸ ಇನ್ನೇನಾದರೂ ಇದೆಯೇ?" ಎಂದು ಮೊಣಕಾಲೂರಿ ಕೇಳುತ್ತಿದ್ದೆ. ಅಷ್ಟರಲ್ಲಿ ಚರ್ಚಿನ ಸಮಿತಿಗೆ ಕಾರ್ಯದರ್ಶಿಯಾದೆ. ಅದೇ ದೇವರ ಉತ್ತರವೆಂದು ಬೀಗಿದೆ.

ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಪವಿತ್ರ ಗುರುವಾರದ ಸಂಜೆ ಫಾದರ್ ಹನ್ನೆರಡು ಗಂಡಸರ ಕಾಲು ತೊಳೆಯುತ್ತಾರೆ. ಆ ಹನ್ನೆರಡರಲ್ಲಿ ಹೆಸರು ಬರುವುದೆಂದರೆ ನಮ್ಮವರಲ್ಲಿ ದೊಡ್ಡ ಮರ್ಯಾದೆ. ಆ ವರ್ಷ ಹನ್ನೊಂದು ಹೆಸರು ನಿಗದಿಯಾಗಿ ಒಂದು ಉಳಿದಿತ್ತು. ಸಮಿತಿಯ ಸಭೆಯಲ್ಲಿ ಫಾದರ್, "ನಮ್ಮ ಗಂಟೆಯಣ್ಣನ್ನ ಕೂರಿಸೋಣ್ವಾ? ಇಷ್ಟ್ ವರ್ಷ ನೀರಿನ ಜಗ್ ಹಿಡ್ಕೊಂಡೇ ನಿಂತಿದಾರೆ" ಎಂದರು.

"ಫಾದರ್, ವಿಡಿಯೋ ತೆಗೀತಾರೆ" ಎಂದೆ ನಾನು. "ಅವರ ಕಾಲು ಚೆನ್ನಾಗಿ ಕಾಣಲ್ಲ. ನೋಡೋರಿಗೆ ಅಸಹ್ಯ ಆಗತ್ತೆ."

ಹನ್ನೆರಡನೆಯದಾಗಿ ನನ್ನ ಹೆಸರೇ ಸೇರಿತು. ಸ್ವಲ್ಪ ಹೊತ್ತಿಗೆ ಗಂಟೆಯಣ್ಣ ಚಹಾ ತಂದರು. "ಏನಣ್ಣ, ಪೂರ್ತಿ ಆರೋಗಿದೆ" ಎಂದು ಸಿಡುಕಿದೆ. "ತಪ್ಪಾಯ್ತು ಸಾರ್, ಬಿಸಿ ಮಾಡ್ಕೊಂಡ್ ಬರ್ತೀನಿ" ಎಂದು ತಟ್ಟೆ ಎತ್ತಿಕೊಂಡು ಹೋದರು.

ಗುರುವಾರ ನಾನು ಬಚ್ಚಲಲ್ಲಿ ಅರ್ಧ ಗಂಟೆ ಕೂತು ಕಾಲು ಉಜ್ಜಿದೆ. ಹನ್ನೆರಡೂ ಜನ ಮಾಡುವುದು ಅದನ್ನೇ. ತೊಳೆಸಿಕೊಳ್ಳುವ ಕಾಲಿನಲ್ಲಿ ಕೊಳೆ ಇರಬಾರದು ನೋಡಿ! ಸಂಜೆ ಗಂಟೆಯಣ್ಣ ನನ್ನ ಮುಂದೆ ಮೊಣಕಾಲೂರಿ, ಫಾದರ್ ತೊಳೆಯಲೆಂದು ನನ್ನ ಪಾದಕ್ಕೆ ನೀರು ಹೊಯ್ದರು. ನೀರು ಹದವಾಗಿ ಬೆಚ್ಚಗಿತ್ತು.

ಈಸ್ಟರ್ ಕಳೆದ ಮೇಲೆ ಒಂದು ದಿನ ಪೂಜೆ ಮುಗಿಸಿ ಚರ್ಚಿನ ಹಿಂದಿನ ಜಗಲಿಯ ಕಡೆ ಸುಮ್ಮನೆ ಹೋದೆ. ಸಕ್ಕರೆ ಕಾಯಿಲೆಯಿಂದ ಕಾಲು ಹುಣ್ಣಾದವರು ಸಾಲಾಗಿ ಕೂತಿದ್ದರು. ನರ್ಸ್ ಆಗಿದ್ದ ಕಾನ್ವೆಂಟಿನ ಸಿಸ್ಟರ್ ಒಬ್ಬರಿಂದ ಕಲಿತ ಗಂಟೆಯಣ್ಣ ವರ್ಷಗಳಿಂದ ಇವರ ಹುಣ್ಣು ತೊಳೆದು ಪಟ್ಟಿ ಕಟ್ಟುತ್ತಿದ್ದರಂತೆ. ಕಾರ್ಯದರ್ಶಿಗಳಿಗೆ ಅದು ಗೊತ್ತೇ ಇರಲಿಲ್ಲ. "ಸಾರ್, ಈ ಕಾಲ್ ಒಂಚೂರು ಹಿಡ್ಕೋತೀರಾ?" ಎಂದರು. ಶಿವಾಜಿನಗರದಲ್ಲಿ ಹೂ ಮಾರುವ ಹೆಂಗಸಿನ ಕಾಲು ಅದು. ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದರಲ್ಲಿ ಮೂಗು ಮುಚ್ಚಿಕೊಂಡೆ.

ಎಲ್ಲರೂ ಹೋದ ಮೇಲೆ ಗಂಟೆಯಣ್ಣ ನಲ್ಲಿಯ ಹತ್ತಿರ ಮೆಲ್ಲಗೆ ಹೇಳಿದರು. "ಮೂಗ್ ಮುಚ್ಕೋಬೇಡಿ ಸಾರ್. ಅವ್ರು ಏನೂ ಹೇಳಲ್ಲ. ಆದ್ರೆ ಅವ್ರಿಗೆ ಗೊತ್ತಾಗತ್ತೆ."

ಮರುದಿನವೂ ಹೋದೆ. ಆಮೇಲೆ ಹೋಗದ ದಿನವೇ ಇಲ್ಲ ಎನ್ನಬಹುದು. ಕಾಯಿಸಿ ಆರಿಸಿದ ನೀರಲ್ಲಿ ತೊಳೆಯುವುದು, ಬೆರಳ ಸಂದು ಒಣಗಿಸುವುದು, ಬಿಗಿಯಾಗದಂತೆ ಪಟ್ಟಿ ಸುತ್ತುವುದು ಎಲ್ಲವನ್ನೂ ಕಲಿಸಿದರು. ಬಂದವರ ಜೊತೆ ಅವರವರ ಭಾಷೆಯಲ್ಲೇ ಜಗಳ. "ಕ್ಯಾ ಮಾ, ಚಪ್ಪಲ್ ಪೈನೇ ನೈ?" ಎಂದು ಚಪ್ಪಲಿ ಹಾಕದ್ದಕ್ಕೆ ಗದರಿದರೆ ಮುದುಕಿಯೊಬ್ಬಳು, "ಪೈಲೆ ತುಮಾರಾ ಪಾಂವ್ ದೇಖೋ ಭಾಯ್" ಎಂದಳು, ಮೊದಲು ನಿನ್ನ ಕಾಲು ನೋಡಿಕೋ ಅಂತ. ಜಗಲಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ.

ಹುಣ್ಣಿನ ಅಂಚು ಚೂರು ಕಪ್ಪಾದರೂ ನನ್ನ ಕಣ್ಣಿಗೆ ಬೀಳುತ್ತಿತ್ತು. ತಕ್ಷಣ ಆಸ್ಪತ್ರೆಗೆ ಕಳಿಸುತ್ತಿದ್ದೆವು. ಎಸೆಯಲು ಪಳಗಿದ ಕಣ್ಣು ಕೊನೆಗೂ ಉಳಿಸುವ ಕೆಲಸಕ್ಕೆ ಬಂತು. ದೇವರಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆ ಜಗಲಿಯಲ್ಲಿ. "ನಂಗೆ ಕಾಣ್ದಿದ್ದು ನಿಮಗೆ ಕಾಣತ್ತೆ ಸಾರ್, ಎಂಥಾ ಕಣ್ಣು!" ಎಂದು ಗಂಟೆಯಣ್ಣ ಹೊಗಳಿದಾಗಲೆಲ್ಲ ತಲೆ ತಗ್ಗಿಸುತ್ತಿದ್ದೆ. ಅವರ ಬಗ್ಗೆ ನಾನು ಆಡಿದ ಮಾತು ಅವರಿಗೆ ಗೊತ್ತಿಲ್ಲ, ನಾನೇ ಹೇಳಿ ಕ್ಷಮೆ ಕೇಳಬೇಕು ಎಂದು ಮನಸ್ಸು ಕೊರೆಯುತ್ತಿತ್ತು. ಪಾಪನಿವೇದನೆಯಲ್ಲಿ ಹೇಳಿಕೊಂಡೆ. "ನನಗಲ್ಲ, ಹೋಗಿ ಅವರಿಗೆ ಹೇಳಿ" ಎಂದರು ಫಾದರ್. ಹೇಳಲು ಬಾಯಿ ತೆರೆಯುತ್ತಿದ್ದೆ, "ಅಣ್ಣ, ಹತ್ತಿ ಕೊಡಿ" ಎನ್ನುತ್ತಿದ್ದೆ. ಹೀಗೇ ಆರು ವರ್ಷ ಕಳೆದವು. ನನ್ನಂಥ ಹೇಡಿ ಇನ್ನೊಬ್ಬನಿರಲಿಕ್ಕಿಲ್ಲ.

ಕೊನೆಗೆ ಗಂಟೆಯಣ್ಣ ಹಾಸಿಗೆ ಹಿಡಿದರು. ಮಗಳು ಅವರನ್ನು ಕೆ.ಆರ್. ಪುರದ ತನ್ನ ಮನೆಗೆ ಕರೆದೊಯ್ದಳು. ಪವಿತ್ರ ಗುರುವಾರ ಬೆಳಿಗ್ಗೆ ಬಂದು ಅಣ್ಣನ ಕಾಲು ತೊಳೆಯುತ್ತೇನೆ ಎಂದು ಅವಳಿಗೆ ಫೋನ್ ಮಾಡಿ ಹೇಳಿದೆ. ಅವತ್ತು ಎಲ್ಲವನ್ನೂ ಒಪ್ಪಿಕೊಳ್ಳುವುದೆಂದು ನಿಶ್ಚಯಿಸಿ, ಜಗಲಿಯ ಬೇಸಿನ್ನು ಹಿಡಿದು ಬಸ್ಸು ಹತ್ತಿದೆ.

ಅವರು ಕುರ್ಚಿಯಲ್ಲಿ ಪಂಚೆ ಮಡಿಸಿಕೊಂಡು ಕಾದಿದ್ದರು. ಹಿಮ್ಮಡಿಯಲ್ಲಿ ಮೇಣವಿರಲಿಲ್ಲ. ಕಲ್ಲಿನಿಂದ ಉಜ್ಜಿ ಉಜ್ಜಿ ಚರ್ಮ ಕೆಂಪಾಗಿ, ಎರಡು ಕಡೆ ರಕ್ತ ಜಿನುಗಿತ್ತು.

"ನಾನೇ ತಿಕ್ಕಿ ತೊಳ್ಕೊಂಡ್ಬಿಟ್ಟೆ ಸಾರ್" ಎಂದರು. "ನಿಮಗೆ ಅಸಹ್ಯ ಆಗ್ಬಾರ್ದಲ್ಲ."

ಆ ಧ್ವನಿಯಲ್ಲಿ ಕೊಂಕಿರಲಿಲ್ಲ, ನಿಜವಾದ ಸಂಕೋಚವಿತ್ತು. ಅಂದಿನ ಚಹಾ ಬಾಗಿಲಾಚೆ ಅವರ ಕೈಯಲ್ಲೇ ಆರಿತ್ತು ಎಂಬುದು ನನಗೆ ಆಗ ಹೊಳೆಯಿತು. ಎಲ್ಲ ಕೇಳಿಸಿಕೊಂಡೇ ನನ್ನ ಪಾದಕ್ಕೆ ನೀರು ಹೊಯ್ದಿದ್ದರು. ಆರು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದ್ದರು. ನಾಚಿಕೆಯಿಂದ ಕುಗ್ಗಿಹೋದೆ.

"ಅಣ್ಣಾ, ಅವತ್ತು ಸಮಿತೀಲಿ ನಾನು..." ಎಂದು ತೊದಲಿದೆ.

"ನೀರ್ ಆರೋಗತ್ತೆ ಸಾರ್. ತೊಳೀರಿ."

ತೊಳೆದೆ. ಕಣ್ಣೀರು ಬೇಸಿನ್ನಿಗೇ ಬೀಳುತ್ತಿತ್ತು. ಅವರು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದರು.

ಈಸ್ಟರ್ ಕಳೆದ ವಾರ ತೀರಿಕೊಂಡರು. ನಮ್ಮಲ್ಲಿ ಸತ್ತವರಿಗೆ ಒಳ್ಳೆಯ ಬಟ್ಟೆ ತೊಡಿಸಿ, ಕೊನೆಯ ಬಾರಿ ನೋಡಲೆಂದು ಪೆಟ್ಟಿಗೆಯ ಮುಚ್ಚಳ ತೆರೆದಿಡುತ್ತಾರೆ. ಮಗಳು ಹೊಸ ಬಿಳಿ ಸಾಕ್ಸ್ ತಂದಿದ್ದಳು. "ಅಂಕಲ್, ಅಪ್ಪನ್ ಕಾಲು ಹಂಗಿದೆಯಲ್ಲ, ಜನ ನೋಡ್ತಾರೆ" ಎಂದು ನನ್ನ ಕೈಗೆ ಕೊಟ್ಟಳು.

"ಬೇಡಮ್ಮ" ಎಂದೆ. "ಕಾಲು ಕಾಣ್ಲಿ."

ಅವಳು ಸಾಕ್ಸ್ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಆರು ವರ್ಷದ ಹಿಂದೆ ಸಮಿತಿಯಲ್ಲಿ ಆಡಬೇಕಿದ್ದ ಮಾತನ್ನು ನಾನು ಪೆಟ್ಟಿಗೆಯ ಮುಂದೆ ನಿಂತು ಆಡಿದ್ದೆ.