ಅವ್ವನ ಮೇಲೆ ಹಚ್ಚಿದ ಕಾಗದ

ನನಗೆ ಇಂಥ ಕೆಲಸ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಸಾಕು, ಅದನ್ನು ಕಲಿತೇ ತೀರಬೇಕು ಎಂಬ ಹಟ ನನ್ನದು. ರಾಯಚೂರಿನಲ್ಲಿ ನಮಗೆ ಶಿಕ್ಷಕರ ತರಬೇತಿ ಇದ್ದಾಗ ಆದದ್ದೂ ಅದೇ. ರದ್ದಿ ಕಾಗದದಿಂದ ಏನೇನು ಮಾಡಬಹುದು ಎಂದು ಮೂರು ದಿನ ಹೇಳಿಕೊಟ್ಟರು. ಕೊನೆಯ ದಿನ ಎಲ್ಲರೂ ಒಂದೊಂದು ಆಲ್ಬಮ್ ಮಾಡಬೇಕಿತ್ತು. ನನ್ನದು ಒಂದು ಕಡೆ ಎದ್ದು, ಇನ್ನೊಂದು ಕಡೆ ಬಿದ್ದು, ಎಷ್ಟು ಒತ್ತಿ ಮುಚ್ಚಿದರೂ ಬಾಯಿ ತೆರೆದುಕೊಂಡೇ ಕೂತಿತು. ಹೇಳಿಕೊಡುತ್ತಿದ್ದ ಮೇಡಂ ಅದನ್ನು ಎತ್ತಿ ಎಲ್ಲರಿಗೂ ತೋರಿಸಿ, ಇದಕ್ಕಿಂತ ಅಂಗಡಿಯಿಂದ ತರುವುದೇ ವಾಸಿ ಎಂದು ನಕ್ಕರು. ನಾನೂ ಎಲ್ಲರ ಜೊತೆ ನಕ್ಕೆ. ಮಾನ್ವಿಯ ಬಸ್ಸಿನಲ್ಲಿ ವಾಪಸ್ ಬರುವಾಗ ಮಾತ್ರ ಹಲ್ಲು ಕಚ್ಚಿಕೊಂಡು ಕೂತಿದ್ದೆ.

ನಾನು ಮಲ್ಲಟದ ಕಡೆಯ ಒಂದು ಶಾಲೆಯಲ್ಲಿ ಕಲಿಸುತ್ತೇನೆ. ಮಾನ್ವಿಯ ಮನೆಯಲ್ಲಿ ಇರುವವರು ನಾನು ಮತ್ತು ಅಪ್ಪ, ಇಬ್ಬರೇ. ಆ ವಾರವೆಲ್ಲ ಶಾಲೆಯಿಂದ ಬಂದ ಕೂಡಲೇ ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಹರಡಿಕೊಂಡು ಕೂರುತ್ತಿದ್ದೆ. ಕಾಗದಕ್ಕೆ ಒಂದು ದಿಕ್ಕು ಇರುತ್ತದೆ ಎಂಬುದು ತರಬೇತಿಯಲ್ಲಿ ಕಿವಿಗೆ ಬಿದ್ದಿತ್ತೇ ಹೊರತು ತಲೆಗೆ ಹೋಗಿರಲಿಲ್ಲ. ಹಾಳೆಯನ್ನು ಅಡ್ಡ ಒಮ್ಮೆ, ಉದ್ದ ಒಮ್ಮೆ ಮೆಲ್ಲಗೆ ಬಾಗಿಸಿ ನೋಡಿದರೆ ಒಂದು ಕಡೆ ಸಲೀಸಾಗಿ ಬಾಗುತ್ತದೆ, ಇನ್ನೊಂದು ಕಡೆ ತಕರಾರು ಮಾಡುತ್ತದೆ. ತಕರಾರಿಲ್ಲದ ಕಡೆಗೇ ಮಡಿಕೆ ಬರಬೇಕು. ಇನ್ನು ಆ ತೆರೆದ ಬಾಯಿಯ ಗುಟ್ಟು ತಿಳಿಯುವುದಕ್ಕೆ ಎರಡು ಆಲ್ಬಮ್ ಕೆಡಿಸಬೇಕಾಯಿತು. ಫೋಟೊ ಅಂಟಿಸಿದಷ್ಟೂ ಪುಟ ದಪ್ಪವಾಗುತ್ತದೆ, ಹೊಲಿಗೆ ಬೀಳುವ ಬೆನ್ನು ಮಾತ್ರ ತೆಳ್ಳಗೇ ಉಳಿಯುತ್ತದೆ. ಬೆನ್ನಿನ ಕಡೆ ಪುಟಕ್ಕೊಂದರಂತೆ ಬೆರಳಗಲದ ಪಟ್ಟಿ ಸೇರಿಸಿ ಹೊಲಿದೆ. ಮೂರನೆಯ ಆಲ್ಬಮ್ ಬಾಯಿ ಮುಚ್ಚಿತು.

ಅಪ್ಪ ಹೊರಸಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ. ಮಡಿಕೆ, ಹೊಲಿಗೆಯ ಬಗ್ಗೆ ಅವನು ಏನೂ ಅನ್ನಲಿಲ್ಲ. ನಾನು ಅಂಗಡಿಯ ಗೋಂದಿನ ಬಾಟಲಿ ತೆಗೆದಾಗ ಮಾತ್ರ ಎದ್ದು ಬಂದು ಅದನ್ನು ಕೈಯಿಂದ ಕಿತ್ತುಕೊಂಡ. ಅಂಟಿನ ವಿಷಯದಲ್ಲಿ ಅವನ ಮುಂದೆ ಯಾರೂ ಬಾಯಿ ತೆರೆಯುವಂತಿಲ್ಲ. ವಯಸ್ಸೆಲ್ಲ ಅವನು ರಾಯಚೂರಿನ ಟಾಕೀಸುಗಳಿಗೆ ಪೋಸ್ಟರ್ ಹಚ್ಚಿದವನು. ಸೈಕಲ್ಲಿನ ಹ್ಯಾಂಡಲ್ಲಿಗೆ ಅಂಟಿನ ಬಕೆಟ್, ಹಿಂದೆ ಪೋಸ್ಟರಿನ ಸುರುಳಿ, ಹೆಗಲಿಗೆ ನಿಚ್ಚಣಿಕೆ. ಸಿನಿಮಾ ಮಾನ್ವಿಗೋ ದೇವದುರ್ಗಕ್ಕೋ ಹೋದರೆ ಅಪ್ಪನೂ ಬಕೆಟ್ ಸಮೇತ ಬಸ್ಸು ಹತ್ತುತ್ತಿದ್ದ. ಫ್ಲೆಕ್ಸ್ ಬಂದ ಮೇಲೆ ಆ ಕಸುಬು ಹೋಯಿತು. ಅಲ್ಲಿಂದ ಅಕ್ಕಿ ಗಿರಣಿಯೊಂದರಲ್ಲಿ ಕಾವಲು ಕಾದ, ನನಗೆ ನೌಕರಿ ಸಿಕ್ಕ ಮೇಲೆ ಅದನ್ನೂ ಬಿಡಿಸಿದೆ.

ಅಂಟು ಕಾಯಿಸುವುದನ್ನು ಅವನಿಂದಲೇ ಕಲಿತೆ. ಮೈದಾವನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಬೇಕು. ಆಮೇಲೆ ಕುದಿಯುವ ನೀರಿಗೆ ಸಣ್ಣಗೆ ಸುರಿಯುತ್ತ, ಬಿಳಿ ಬಣ್ಣ ಹೋಗಿ ಗಂಜಿಯ ತಿಳಿಯಂತೆ ಆಗುವವರೆಗೆ ಕೈ ಬಿಡದೆ ತಿರುವಬೇಕು. ಹುಳ ತಿನ್ನಬಾರದೆಂದು ಚಿಟಿಕೆ ಮೈಲುತುತ್ತ ಹಾಕಬೇಕು. ಅದು ವಿಷ, ಅದಕ್ಕೇ ಬೇರೆ ಪಾತ್ರೆ, ಬೇರೆ ಕೋಲು. ಹಚ್ಚುವ ಮೊದಲು ಕಾಗದಕ್ಕೆ ತುಸು ನೀರು ಸವರಿ, ಅದು ಹಿಗ್ಗಿದ ಮೇಲೆ ಅಂಟು ಬಳಿದು, ನಡುವಿನಿಂದ ಅಂಚಿನ ಕಡೆಗೆ ಒರೆಸುತ್ತ ಹೋಗಬೇಕು. ಒಂದು ಗುಳ್ಳೆಯೂ ಏಳುವುದಿಲ್ಲ. ಮೇಲೆ ಹಲಗೆ ಇಟ್ಟು, ಹಲಗೆಯ ಮೇಲೆ ಸೋನಾ ಮಸೂರಿಯ ಚೀಲ ಇಟ್ಟು ಒಣಗಿಸಿದರೆ ಪುಟ ಸುಕ್ಕಾಗುವುದಿಲ್ಲ.

ಆಲ್ಬಮಿನ ಮೊದಲ ಪುಟದಲ್ಲಿ ಅವ್ವನ ಫೋಟೊ ಇಟ್ಟೆ. ಇಟ್ಟೆ ಎಂದೇ ಹೇಳುತ್ತೇನೆ, ಅಂಟಿಸಲಿಲ್ಲ. ಹಳೆಯ ಲಕೋಟೆಯ ಮೂಲೆಗಳನ್ನು ಕತ್ತರಿಸಿದರೆ ಪುಟ್ಟ ಜೇಬುಗಳಾಗುತ್ತವೆ. ಅವನ್ನು ಪುಟಕ್ಕೆ ಅಂಟಿಸಿ, ಫೋಟೊದ ನಾಲ್ಕು ಮೂಲೆಗಳನ್ನು ಅವುಗಳಲ್ಲಿ ಸಿಗಿಸಿದೆ. ಅಂಟು ತಾಗಿಸುವ ಧೈರ್ಯ ನನಗಿರಲಿಲ್ಲ, ಯಾಕೆಂದರೆ ಅವ್ವನದು ಇರುವುದು ಅದೊಂದೇ ಫೋಟೊ. ಮದುವೆಯಾದ ಹೊಸದರಲ್ಲಿ ರಾಯಚೂರಿನ ಸ್ಟುಡಿಯೊದಲ್ಲಿ ತೆಗೆಸಿದ ಅಂಗೈಯಗಲದ ಕರಿ-ಬಿಳಿ ಫೋಟೊ. ಅವ್ವ ತೀರಿಕೊಂಡಾಗ ನನಗೆ ಮೂರು ವರ್ಷ. ನನಗೆ ಅವಳ ಧ್ವನಿ ನೆನಪಿಲ್ಲ, ಮುಖವೂ ನೆನಪಿಲ್ಲ. ಆ ಫೋಟೊದಲ್ಲಿ ಇರುವಷ್ಟೇ ನನ್ನ ಅವ್ವ. ನನ್ನ ಫೋನಿನಲ್ಲಿ ಅದರ ಒಂದು ಚಿತ್ರ ಇತ್ತು, ಗಾಜಿನ ಚೌಕಟ್ಟಿನ ಮೇಲಿಂದ ತೆಗೆದದ್ದು. ಟ್ಯೂಬ್‌ಲೈಟಿನ ಬಿಳಿ ಗೆರೆ ಸರಿಯಾಗಿ ಅವಳ ಮುಖದ ಮೇಲೇ ಬಿದ್ದಿತ್ತು. ಚೌಕಟ್ಟಿನಿಂದ ಹೊರತೆಗೆದ ಮೇಲಾದರೂ ಸ್ಕ್ಯಾನ್ ಮಾಡಿಸಬೇಕಿತ್ತು. ಇವತ್ತು ನಾಳೆ ಎನ್ನುತ್ತ ಕೂತದ್ದು ನನ್ನದೇ ತಪ್ಪು.

ಆಲ್ಬಮ್ ನೋಡುವುದಕ್ಕೆ ಓಣಿಯವರು ಬಂದರು, ಶಾಲೆಯ ಗೆಳತಿಯರು ಬಂದರು. ಬಂದವರೆಲ್ಲ ಮೊದಲ ಪುಟದಲ್ಲೇ ನಿಂತು, ಅವ್ವನ ಮೂಗಿನ ಮೇಲೆ ಬೆರಳಿಟ್ಟು, ನಿನಗೆ ಇದೇ ಮೂಗು ಬಂದಿದೆ ಎನ್ನುತ್ತಿದ್ದರು. ನನಗೆ ಅದನ್ನು ಎಷ್ಟು ಸಲ ಕೇಳಿದರೂ ಸಾಲದು. ಕೇಳದವರಿಗೂ ಕರೆದು ತೋರಿಸುತ್ತಿದ್ದೆ.

ಒಂದು ಭಾನುವಾರ ಗೆಳತಿಯ ಮನೆಯ ತೊಟ್ಟಿಲ ಕಾರ್ಯಕ್ರಮಕ್ಕೆ ದೇವದುರ್ಗಕ್ಕೆ ಹೋಗಿದ್ದೆ. ಮಧ್ಯಾಹ್ನ ವಾಪಸ್ ಬಂದಾಗ ಹಲಗೆಯ ಕೆಳಗೆ, ಅಕ್ಕಿ ಚೀಲದ ಭಾರದಲ್ಲಿ ಆಲ್ಬಮ್ ಇತ್ತು. ನಾನು ಇಟ್ಟದ್ದಲ್ಲವಲ್ಲ ಎಂದುಕೊಂಡು ತೆಗೆದೆ. ಮೊದಲ ಪುಟದಲ್ಲಿ ನಾನಿದ್ದೆ. ತರಬೇತಿಯಲ್ಲಿ ಪ್ರಮಾಣಪತ್ರ ತೆಗೆದುಕೊಳ್ಳುತ್ತಿರುವ ನನ್ನ ಬಣ್ಣದ ಪ್ರಿಂಟ್, ಮುಂದಿನ ಪುಟಕ್ಕೆಂದು ಝೆರಾಕ್ಸ್ ಅಂಗಡಿಯಲ್ಲಿ ಸಾದಾ ಹಾಳೆಯ ಮೇಲೆ ತೆಗೆಸಿಟ್ಟದ್ದು. ಅದು ಪುಟದ ತುಂಬ, ಒಂದು ಗುಳ್ಳೆಯಿಲ್ಲದೆ, ಒಂದು ಸುಕ್ಕಿಲ್ಲದೆ ಕೂತಿತ್ತು. ಅಂಥ ಕೈ ಇಡೀ ಊರಿನಲ್ಲಿ ಒಬ್ಬನದೇ.

ಅವ್ವನ ಫೋಟೊ ಎಲ್ಲಿ ಎಂದು ಕೇಳಿದೆ. ಅಪ್ಪ ಕೂತಲ್ಲಿಂದ ಏಳಲೂ ಇಲ್ಲ.

"ಕೆಳಗ ಅದಾಳ ತಗೋ," ಅಂದ.

ಗೋಡೆಯ ಮೇಲೆ ಹಳೆಯ ಪೋಸ್ಟರನ್ನು ಅವನು ಯಾವತ್ತೂ ಕಿತ್ತವನಲ್ಲ. ಹಳೆಯದರ ಮೇಲೆ ಹೊಸದು, ಅದರ ಮೇಲೆ ಇನ್ನೊಂದು, ಅದೇ ಅವನ ಕಸುಬಿನ ರೀತಿ. ನನಗೆ ಆ ಕ್ಷಣ ಹೊಳೆದದ್ದು ಅಷ್ಟೇ. ಸಿಟ್ಟು ನೆತ್ತಿಗೇರಿತು. ಆಡಬಾರದ್ದನ್ನೆಲ್ಲ ಆಡಿದೆ. ನಿನ್ನ ಕಣ್ಣು ಮಂಜಾದಂತೆ ಬುದ್ಧಿಯೂ ಮಂಜಾಗಿದೆ ಎಂದೆ, ಮನೆಯಲ್ಲಿ ಒಂದು ವಸ್ತು ನಿನ್ನ ಕೈಯಲ್ಲಿ ಉಳಿಯುವುದಿಲ್ಲ ಎಂದೆ. ಕೊನೆಗೆ, "ಅವ್ವ ನಿನಗ ಗ್ವಾಡಿ ಮ್ಯಾಲಿನ ಹಳೇ ಪೋಸ್ಟರ್ ಆದಳೇನು?" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅಪ್ಪ ಎದ್ದು ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂತ.

ನಾನು ಚಾಕು ತಂದೆ. ಮೂಲೆಗೆ ತುದಿ ತೂರಿಸಿ ನನ್ನ ಫೋಟೊ ಮೇಲೆತ್ತಿ ಎಳೆದೆ. ಚರ್ರೆಂದಿತು. ಮೇಲಿನ ಕಾಗದದ ಹಿಂಬದಿಗೆ ಅಂಟಿಕೊಂಡು ಕಪ್ಪು ಪಟ್ಟಿಯೊಂದು ಬಂತು. ನೋಡಿದರೆ ಅದು ಅವ್ವನ ಸೀರೆಯ ಅಂಚು. ಚಾಕು ಕೆಳಗಿಟ್ಟೆ. ಇನ್ನೊಂದು ಸಲ ಎಳೆದರೆ ಕುತ್ತಿಗೆ, ಮತ್ತೊಂದು ಸಲಕ್ಕೆ ಮುಖ. ಅಂಟು ಗಟ್ಟಿಯಾದಷ್ಟೂ ಬಿಡಿಸುವುದು ಕಷ್ಟ, ಮಾನ್ವಿಯ ಬಿಸಿಲಿಗೆ ಅದು ಎಷ್ಟು ಹೊತ್ತು ಹಸಿಯಾಗಿದ್ದೀತು? ಬೈದ ಬಾಯಿಂದಲೇ ಅಪ್ಪನನ್ನು ಕೇಳದೆ ಬೇರೆ ದಾರಿ ಇರಲಿಲ್ಲ. ಹೊರಗೆ ಹೋಗಿ ನಿಂತೆ. ಹೇಗೆ ಬಿಡಿಸುವುದು ಎಂದು ಕೇಳಿದೆ.

"ಎಳೀಬ್ಯಾಡ ಬೇ. ನೀರು ಕುಡಸು," ಅಂದ, ನನ್ನ ಕಡೆ ನೋಡದೆ.

ಆಮೇಲೆ ಅವನೇ ಒಳಗೆ ಬಂದು ಒಂದೊಂದನ್ನೇ ಹೇಳತೊಡಗಿದ. ಪುಟವನ್ನು ಆಲ್ಬಮಿನಿಂದ ಕತ್ತರಿಸಿ ತೆಗೆದೆ. ಹಿಟ್ಟು ನಾದುವ ಪರಾತದಲ್ಲಿ ಅದನ್ನು ಮಲಗಿಸಿ, ತಣ್ಣೀರಿನಲ್ಲಿ ಅದ್ದಿದ ಅರಿವೆ ಮೇಲೆ ಹೊದಿಸಿದೆ. ಬಿಸಿನೀರು ಹಾಕಿದರೆ ಹಳೆಯ ಫೋಟೊದ ಮೈ ಕರಗಿಹೋಗುತ್ತದೆ ಎಂದ. ಅರಿವೆ ಒಣಗಿದಂತೆ ಮತ್ತೆ ಅದ್ದಿದೆ. ನನ್ನ ಫೋಟೊದ ಬಣ್ಣ ಬಿಟ್ಟು ನೀರು ನೇರಳೆಯಾಯಿತು. ಮೊದಲು ನನ್ನ ಮುಖ ಹೋಯಿತು, ಆಮೇಲೆ ಪ್ರಮಾಣಪತ್ರ ಹೋಯಿತು. ಹೋಗಲಿ, ಇಂಥವು ಇನ್ನು ನೂರು ಬರುತ್ತವೆ ಎಂದುಕೊಂಡೆ. ಅವ್ವ ಹೊರಗೆ ಬರುವವರೆಗೆ ಏಳುವುದಿಲ್ಲ ಎಂದು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತೆ. ಊಟ ಮಾಡಲಿಲ್ಲ, ಫೋನು ಹೊಡೆದುಕೊಂಡರೂ ಎತ್ತಲಿಲ್ಲ.

ಮೇಲಿನ ಕಾಗದ ನೆನೆದು ಮೆತ್ತಗಾದಾಗ ಅಪ್ಪ ಪಕ್ಕದಲ್ಲಿ ಕೂತು ಹೆಬ್ಬೆರಳಿನಿಂದ ಅದನ್ನು ಹೊಸೆಯತೊಡಗಿದ. ಕಾಗದ ಶಾವಿಗೆಯ ಎಳೆಯಂತೆ ಸುತ್ತಿಕೊಂಡು ಬರುತ್ತಿತ್ತು. ಬದಿಗಳೆಲ್ಲ ಬಿಟ್ಟವು, ಭುಜ ಬಂತು. ಕುತ್ತಿಗೆಯವರೆಗೆ ಬಂದು ಅವನು ಕೈ ತೆಗೆದ.

"ಮಾರಿ ನೀನ ಬಿಡಿಸವ್ವಾ. ನನ್ನ ಬಟ್ಟು ಬಿರುಸು ಅದಾವ," ಅಂದ.

ನಾನು ಹೊಸೆದೆ. ಗದ್ದ ಬಂತು. ನನ್ನ ಮೂಗು ಬಂತು. ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು ಬಂತು. ಎಡಗೆನ್ನೆಯ ಮೇಲೆ ಒಂದು ಗೀರು ಬಿದ್ದಿತ್ತು, ಅಷ್ಟೇ. ಹತ್ತಿಯ ಟವೆಲ್ಲಿನ ಮೇಲೆ ಅವಳನ್ನು ಮುಖ ಮೇಲಾಗಿ ಮಲಗಿಸಿದಾಗ ದೀಪ ಹಚ್ಚುವ ಹೊತ್ತಾಗಿತ್ತು. ನನಗೆ ಗೊಳೋ ಎಂದು ಅಳು ಬಂತು.

ಅಪ್ಪ ಆಗ ಹೇಳಿದ. ಬಂದವರೆಲ್ಲ ಅವಳ ಮುಖದ ಮೇಲೆ ಬೆರಳಿಡುತ್ತಿದ್ದರಂತೆ, ದಿನದಿನಕ್ಕೆ ಅವಳು ಸವೆಯುತ್ತಿದ್ದದ್ದು ಅವನ ಕಣ್ಣಿಗೆ ಬಿದ್ದಿತ್ತಂತೆ. ಗೋಡೆಯ ಮೇಲೆ ಬಿಸಿಲು ಮಳೆ ತಿನ್ನುವುದು ಮೇಲಿನ ಕಾಗದವನ್ನು. ರಾಯಚೂರಿನಲ್ಲಿ ಹಳೆಯ ಗೋಡೆಯೊಂದನ್ನು ಕೆಡವಿದಾಗ, ಅವನು ಹುಡುಗನಾಗಿದ್ದಾಗ ಹಚ್ಚಿದ ಪೋಸ್ಟರು ಎಲ್ಲಕ್ಕಿಂತ ಕೆಳಗೆ ಹೊಸದರಂತೆ ಇತ್ತಂತೆ. ಅವಳನ್ನು ಕಾಯುವುದಕ್ಕೆ ನನ್ನ ಫೋಟೊಕ್ಕಿಂತ ಒಳ್ಳೆಯದು ಯಾವುದಿದೆ ಎಂದು ಹಚ್ಚಿದ್ದನಂತೆ. ಹಾಗಾದರೆ ನಾನು ಅವಳನ್ನು ನೋಡುವುದು ಹೇಗೆ ಎಂದೆ. ಅಪ್ಪ ಬೆರಳಿಗಂಟಿದ ಕಾಗದದ ಎಳೆಗಳನ್ನು ಪರಾತದ ಅಂಚಿಗೆ ಒರೆಸಿದ.

"ನಾ ಕಣ್ಣು ಮುಚ್ಚಿದರ ಆಕಿ ಕಾಣ್ತಾಳ. ನಿನಗ ಕಾಣಂಗಿಲ್ಲ ಅನ್ನೂದು ನನಗ ಹೊಳೀಲೇ ಇಲ್ಲ ಯವ್ವಾ."

ಆಡಿದ ಮಾತಿಗೆ ತಪ್ಪಾಯಿತು ಎಂದು ಅವನ ಕಾಲು ಹಿಡಿದೆ. ಅವನು ಕಾಲು ಎಳೆದುಕೊಂಡು, ಚಹಾ ಇಡು ಹೋಗು ಎಂದು ಗದರಿದ.

ಮಾರನೆಯ ದಿನ ಶಾಲೆಗೆ ಹೋಗುವ ಮೊದಲು ಫೋಟೊ ಸ್ಕ್ಯಾನ್ ಮಾಡಿಸಿದೆ. ಹೊಸ ಪುಟ ಹೊಲಿದು, ಯಾರೂ ಮುಖ ಮುಟ್ಟದಂತೆ ತೆಳು ಬೆಣ್ಣೆಕಾಗದದ ಮುಸುಕು ಮಾಡಿದೆ. ಸರಿಮಾಡುವುದಕ್ಕೆ ಉಳಿದದ್ದು ನಾನೇ ಹರಿದುಹಾಕಿದ ಸೀರೆಯ ಅಂಚು. ಹರಿದ ಚೂರು ನೀರಿನಲ್ಲೇ ಮುದ್ದೆಯಾಗಿ ಹೋಗಿತ್ತು, ಅಲ್ಲಿ ಬರೀ ಬಿಳಿ ಕಾಗದ ಕಾಣುತ್ತಿತ್ತು. ಅಷ್ಟಕ್ಕೆ ಸರಿಯಾಗಿ ಒಂದು ಪಟ್ಟಿ ಕತ್ತರಿಸಿ ಕೂರಿಸುವುದೆಂದು ಕಪ್ಪು ಕಾಗದ ತೆಗೆದೆ. ಅಪ್ಪ ತಲೆಯಾಡಿಸಿದ. ಅದು ಕಪ್ಪಲ್ಲ, ಕೆಂಪು ಅಂದ. ನಾನು ಕತ್ತರಿ ಕೆಳಗಿಟ್ಟೆ. ಸೀರೆ ಯಾವ ಬಣ್ಣದ್ದು ಎಂದು ಕೇಳಿದೆ. ಇಷ್ಟು ವರ್ಷ ನನಗೆ ಅದನ್ನು ಕೇಳಬೇಕೆಂದೇ ತೋಚಿರಲಿಲ್ಲ.

"ಹಸರು ಸೀರಿ. ದಡಿ ಕೆಂಪು."

ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಿಂದ ಕೆಂಪು ಹಾಳೆ ತಂದೆ. ಇದಲ್ಲ ಎಂದ. ಇನ್ನೊಂದು ತಂದೆ, ಅದೂ ಅಲ್ಲ, ಅದು ಕುಂಕುಮದ ಬಣ್ಣ ಎಂದ. ನಾನು ಬಿಡುವವಳೇ? ಶನಿವಾರ ಶಾಲೆ ಮುಗಿಸಿ ರಾಯಚೂರಿಗೆ ಹೋಗಿ, ಅಲ್ಲಿನ ಅಂಗಡಿಯಲ್ಲಿದ್ದ ಎಲ್ಲ ಕೆಂಪು ಹಾಳೆಗಳನ್ನೂ ಒಂದೊಂದು ತಂದು ಅವನ ಮುಂದೆ ಹರಡಿದೆ. ಅವನು ಕಣ್ಣು ಕಿರಿದು ಮಾಡಿ ಒಂದೊಂದನ್ನೇ ಪಕ್ಕಕ್ಕೆ ಸರಿಸುತ್ತ ಹೋದ. ದಾಳಿಂಬೆ ಕಾಳಿನ ಬಣ್ಣದ ಹಾಳೆ ಬಂದಾಗ ಅವನ ಕೈ ಅದರ ಮೇಲೇ ನಿಂತಿತು. ಇದ, ಎಂದ. ಅವನ ಕಣ್ಣು ತುಂಬಿ ಬಂದಿತ್ತು. ನನ್ನ ಅವ್ವನನ್ನು ಕೆಂಪು ದಡಿಯ ಹಸಿರು ಸೀರೆ ಉಟ್ಟ ಹೆಂಗಸಾಗಿ ನಾನು ಮೊದಲ ಸಲ ಕಂಡದ್ದು ಆಗ.