ಬೆಳ್ಳಿ ಹುಡುಗನಿಗೆ ತೊಟ್ಟಿಲು

ಕಾನಹೊಸಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಹಂಪಕ್ಕನ ಮಿರ್ಚಿ ತಿನ್ನದೆ ಹೋದವರಿದ್ದರೆ, ಅವರು ಭಾನುವಾರ ಸಂಜೆ ಇಳಿದಿರಬೇಕು. ಆ ಹೊತ್ತಿನಲ್ಲಿ ಸಾಕ್ಷಾತ್ ಶಿವನೇ ಬಂದು ಕೇಳಿದರೂ ಮಿರ್ಚಿ ಸಿಗುತ್ತಿರಲಿಲ್ಲ. ಬಾಣಲೆ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು ಹಂಪಕ್ಕ ಮನೆಗೆ ಓಡುವಳು. ಟೀವಿಯಲ್ಲಿ ಬೆಳ್ಳಿ ಹುಡುಗ ಬರುವ ಹೊತ್ತು ಅದು.

ತೊಂಬತ್ತರ ದಶಕದ ಮಾತು. ಬೆಳ್ಳಿ ಹುಡುಗನೆಂದರೆ ಯಾವುದೋ ನಕ್ಷತ್ರದಿಂದ ಹಾರಿಬಂದು, ಬೆಳ್ಳಿಬಣ್ಣದ ಬಟ್ಟೆ ತೊಟ್ಟು, ಕೈಯಿಂದ ಬೆಂಕಿ ಬಿಟ್ಟು ದುಷ್ಟರನ್ನು ಸುಡುವ ಧಾರಾವಾಹಿಯ ನಾಯಕ. ಅವನಾಡುವ ಹಿಂದಿ ಹಂಪಕ್ಕನಿಗೆ ಒಂದಕ್ಷರ ತಿಳಿಯದು. ತಿಳಿದು ಆಗಬೇಕಾದ್ದೇನು? ಹುಡುಗ ಸೊರಗಿದ್ದಾನೆ, ಹೊತ್ತಿಗೆ ಸರಿಯಾಗಿ ಉಣ್ಣಿಸುವವರು ಯಾರೂ ಇಲ್ಲ ಎಂಬುದು ಅವಳಿಗೆ ಮೊದಲ ವಾರವೇ ತಿಳಿದಿತ್ತು.

ಒಂದು ಭಾನುವಾರ ವೈರಿ ಬಿಟ್ಟ ಮಿಂಚು ಎದೆಗೆ ತಾಗಿ ಹುಡುಗ ಬಿದ್ದ. ಅದೇ ಗಳಿಗೆಗೆ ಕರೆಂಟೂ ಹೋಯಿತು. ಕತ್ತಲಲ್ಲಿ ಪಕ್ಕದ ಮನೆಯ ಅಂಜಿನಕ್ಕ, “ಹೋದ ನೋಡವ್ವ,” ಅಂದಳು. ಹಂಪಕ್ಕ ಗೊಳೋ ಎಂದು ಅತ್ತಳು. ಮೂರನೆಯ ದಿನ, ಸತ್ತವರಿಗೆ ಬಿಡುವ ಹಾಲುತುಪ್ಪವನ್ನು ಹಿತ್ತಲ ಬೇವಿನ ಬುಡಕ್ಕೆ ಬಿಟ್ಟಳು. ಗಂಡ ಗಾದೆಪ್ಪ ಹಣೆ ಚಚ್ಚಿಕೊಂಡ.

ಮುಂದಿನ ಭಾನುವಾರ ಬೆಳ್ಳಿ ಹುಡುಗ ಏನೂ ಆಗಿಲ್ಲವೆಂಬಂತೆ ನಡೆದು ಬಂದ.

ಹಂಪಕ್ಕನ ಮುಖ ಅರಳುವಷ್ಟರಲ್ಲಿ ಅಂಜಿನಕ್ಕ ಅವಳ ಕಣ್ಣು ಮುಚ್ಚಿದಳು. “ನೋಡಬ್ಯಾಡ ಹಂಪಕ್ಕ. ನೀ ಹಾಲುತುಪ್ಪ ಬಿಟ್ಟಾಗೈತಿ. ಇನ್ನ ಮುಖ ನೋಡಿದ್ರ ಅವನ ಆಯುಷ್ಯಕ್ಕ ಕುತ್ತು.”

ಅಂದಿನಿಂದ ಹಂಪಕ್ಕ ಟೀವಿಗೆ ಬೆನ್ನು ಹಾಕಿ ಕೂತಳು. ನಡೆದದ್ದನ್ನು ಹೇಳುವ ಕೆಲಸ ಗಾದೆಪ್ಪನ ಪಾಲಿಗೆ ಬಂತು. ಅವನೋ, ಮಾತಿಗೂ ತೆರಿಗೆ ಕಟ್ಟಬೇಕೇನೋ ಎಂಬಂತೆ, “ಬಂದ. ಹೊಡದ. ಹೋದ,” ಎನ್ನುವನು. “ಸೊರಗ್ಯಾನೇನು?” ಎಂದರೆ, “ಅದೆಲ್ಲ ತೋರ್ಸಂಗಿಲ್ಲ,” ಎನ್ನುವನು. ಇಂಥವನನ್ನು ಕಟ್ಟಿಕೊಂಡು ಯಾವ ಕಥೆ ಕೇಳುವುದು? ಅಷ್ಟರಲ್ಲಿ, ಬರುವ ಭಾನುವಾರವೇ ಧಾರಾವಾಹಿ ಮುಗಿಯುತ್ತದೆಂಬ ಸುದ್ದಿ ಬಂತು. ಕೊನೆಯದಾಗಿ ಒಂದು ಸಲವಾದರೂ ಮುಖ ನೋಡದೆ ಹುಡುಗನನ್ನು ಕಳಿಸುವುದು ಹೇಗೆಂದು ಹಂಪಕ್ಕನಿಗೆ ಊಟವೇ ಸೇರದಾಯಿತು.

ಊರಿನ ಅಯ್ಯನವರು ಕೊಟ್ರಸ್ವಾಮಿ ನಗದೆ ಎಲ್ಲ ಕೇಳಿಸಿಕೊಂಡರು. “ಸತ್ತನಂತ ದಿನ ಮಾಡಿಸಿಕೊಂಡವ ತಿರುಗಿ ಬಂದ್ರ ಹೊಸದಾಗಿ ಹುಟ್ಟಿದಂಗ. ತೊಟ್ಲಾಗ ಹಾಕಿ ಬ್ಯಾರೆ ಹೆಸರಿಡವ್ವ. ಆಮ್ಯಾಲೆ ಮುಖ ನೋಡಬೌದು.”

“ಟೀವಿ ತೊಟ್ಲಾಗ ಹಾಕಾಕ ವೈರ್ ಸಾಲಂಗಿಲ್ರಿ,” ಅಂದ ಗಾದೆಪ್ಪ. ಆದರೂ ಊರೆಲ್ಲ ಸುತ್ತಿ ವೈರ್ ತಂದವನು ಅವನೇ.

ಭಾನುವಾರ ಅಂಜಿನಕ್ಕನ ಮನೆಯ ತೊಟ್ಟಿಲು ಬಂತು. ಟೀವಿಗೆ ದಿಂಬು ಕೊಟ್ಟು ಅದರಲ್ಲಿ ಕೂರಿಸಿ, ಗಾಜಿನ ಅಂಚಿಗೆ ಕುಂಕುಮ ಹಚ್ಚಿದರು. ಧಾರಾವಾಹಿ ಶುರುವಾಗುತ್ತಿದ್ದಂತೆ ತಕರಾರೊಂದು ಎದ್ದಿತು. ಸೋದರತ್ತೆಯಾಗಿ ನಿಂತ ಅಂಜಿನಕ್ಕ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು. ಟೀವಿಗೆ ಕಿವಿ ಯಾವುದು?

“ಸೌಂಡ್ ಬರೂದು ಬಾಯಿ. ಕೇಳಿಸ್ಕೊಳ್ಳೂದು ಆ್ಯಂಟೆನಾ,” ಎಂದು ಗಾದೆಪ್ಪ ಇತ್ಯರ್ಥ ಮಾಡಿದ. ಆ್ಯಂಟೆನಾ ಮಾಳಿಗೆಯ ಮೇಲಿತ್ತು. ಅಂಜಿನಕ್ಕ ಅದರ ವೈರನ್ನೇ ಬಾಯಿಯ ಹತ್ತಿರ ಹಿಡಿದುಕೊಂಡು, “ಏನಂತ ಹೆಸರಿಡೂದು?” ಎಂದಳು.

“ಹುಲುಗೇಶ,” ಅಂದಳು ಹಂಪಕ್ಕ, ಬೆನ್ನು ಹಾಕಿಕೊಂಡೇ.

ತೊಟ್ಟಿಲು ತೂಗುತ್ತಿದ್ದ ಗಾದೆಪ್ಪನ ಕೈ ನಿಂತಿತು. ಮದುವೆಯಾದ ಹೊಸದರಲ್ಲಿ, ಗಂಡಾದರೆ ಇಡೋಣವೆಂದು ಇಬ್ಬರೂ ಸೇರಿ ಆರಿಸಿಟ್ಟಿದ್ದ ಹೆಸರದು. ಆ ಮನೆಗೆ ತೊಟ್ಟಿಲು ಬಂದದ್ದು ಇವತ್ತೇ ಮೊದಲು.

“ಅದನ್ನ ಹೇಳಕ್ಕ. ಜೋರಾಗಿ ಹೇಳು,” ಅಂದ.

ಅಂಜಿನಕ್ಕ ಹೇಳಿದಳು. ನೆರೆದಿದ್ದ ಹೆಂಗಸರು ವಾಡಿಕೆಯಂತೆ ಅವಳ ಬೆನ್ನಿಗೆ ಗುದ್ದಿದರು. ಹಂಪಕ್ಕ ತಿರುಗಿದಳು. ಹುಡುಗ ನಿಜಕ್ಕೂ ಸೊರಗಿದ್ದ. ಕಣ್ಣು ತುಂಬ ನೋಡಿದಳು. ಕೊನೆಗೆ ಅವನು ಬೆಳಕಿನ ಗಾಡಿ ಹತ್ತಿ, ಮೇಲಮೇಲಕ್ಕೆ ಏರಿ ಚುಕ್ಕಿಯಾದ. ಸತ್ತನೋ, ತನ್ನೂರಿಗೆ ಹೋದನೋ, ಹಿಂದಿ ಬಾರದ ಆ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ.

“ಹಾಲುತುಪ್ಪ ಬಿಡ್ತಿಯೇನು?” ಅಂಜಿನಕ್ಕ ಮೆಲ್ಲಗೆ ಕೇಳಿದಳು.

“ಬ್ಯಾಡ,” ಅಂದಳು ಹಂಪಕ್ಕ. “ಮತ್ತ ತಿರುಗಿ ಬಂದ್ರ ಇಡಾಕ ನನ್ನ ಹತ್ರ ಇನ್ನೊಂದು ಹೆಸರಿಲ್ಲ.”