ಬಾಗಿಲು ಬರುವ ತನಕ

ನಮ್ಮತ್ತೆಗೆ ತವರುಮನೆ ಇರಲಿಲ್ಲ. ಇದ್ದದ್ದು ಕೈಬಿಟ್ಟು ಹೋಯಿತು ಅಂತಲ್ಲ, ಮೊದಲಿನಿಂದಲೇ ಇರಲಿಲ್ಲ. ಅವರಪ್ಪ ಮನೆ ಕಟ್ಟುವ ಮೇಸ್ತ್ರಿ. ಹೆದ್ದಾರಿಯ ಉದ್ದಕ್ಕೂ ಒಂದು ಊರಲ್ಲಿ ಒಂದು ಮನೆ ಮುಗಿಸಿ ಮುಂದಿನ ಊರಿಗೆ ಹೋಗುವವರು. ಕಟ್ಟುತ್ತಿರುವ ಮನೆಯೇ ಅವರ ಸಂಸಾರಕ್ಕೂ ಮನೆ. ತಾರಸಿ ಹಾಕಿದ ಕೂಡಲೇ ಹೆಂಡತಿ, ಮಗಳನ್ನು ಕರೆದುಕೊಂಡು ಒಳಗೆ. ಬಡಗಿ ಬಂದು ಬಾಗಿಲು ಕೂರಿಸಿದ ದಿನ ಪಾತ್ರೆ ಪಗಡೆ ಕಟ್ಟಿಕೊಂಡು ಹೊರಗೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರಲ್ಲ, ಆ ಮನುಷ್ಯ ಊರವರ ಮನೆಗಳನ್ನೆಲ್ಲ ಕಟ್ಟಿ ನೋಡಿದರು, ಒಬ್ಬಳೇ ಮಗಳ ಮದುವೆಯನ್ನೂ ಮಾಡಿ ನೋಡಿದರು, ತಮಗೊಂದು ಮನೆ ಮಾತ್ರ ಕಟ್ಟಿಕೊಳ್ಳದೆ ಕಣ್ಣು ಮುಚ್ಚಿದರು. ಅವರ ಹಿಂದೆಯೇ ಹೆಂಡತಿಯೂ ಹೋದರು.

ಬಾಗಿಲಿನ ಜಾಗದಲ್ಲಿ ಗೋಣಿತಾಟು ಕಟ್ಟಿಕೊಂಡು ಬೆಳೆದ ಹುಡುಗಿ ಮುಂದೆ ಪರದೆ ಹೊಲಿಯುವ ಅಂಗಡಿ ಸೇರಿದರು. ನಮ್ಮೂರಿನ ಅರ್ಧ ಕಿಟಕಿಗಳ ಮಾನ ಮುಚ್ಚಿದವರು ಅವರೇ. ಎಲ್ಲರ ಬಾಯಲ್ಲೂ ಪರದೆಯಮ್ಮ.

‘ತವರಿಲ್ಲದವಳು ಮುನಿಸ್ಕೊಂಡು ಎಲ್ಲಿಗೆ ಹೋಗ್ತೀಯೇ?’ ಎಂದು ಅವರ ಅತ್ತೆ ಹಂಗಿಸುತ್ತಿದ್ದರಂತೆ. ಅದಕ್ಕೇ ಇರಬೇಕು, ನಾನು ಮದುವೆಯಾದ ಹೊಸದರಲ್ಲಿ ಗಂಡನ ಮೇಲೆ ಸಿಟ್ಟು ಮಾಡಿಕೊಂಡು ತವರಿಗೆ ಹೊರಟಾಗಲೆಲ್ಲ ಬಟ್ಟೆ ಮಡಚಿ ನನ್ನ ಬ್ಯಾಗಿಗೆ ತುಂಬುತ್ತಿದ್ದವರು ಇವರೇ. ‘ಹೋಗೋಕೊಂದು ಮನೆ ಇದೆ, ಹೋಗು. ನಾಲ್ಕು ದಿನ ಆರಾಮಾಗಿ ಇದ್ದು ಬಾ’ ಅನ್ನುವರು. ಇಂಥ ಅತ್ತೆಯ ಜೊತೆ ಜಗಳವಾಡಲು ನಾನು ಬಹಳ ಪ್ರಯತ್ನಪಟ್ಟೆ. ಆಗಲಿಲ್ಲ.

ಕಣ್ಣು ಮಂದವಾಗಿ ಹೊಲಿಗೆ ಬಿಟ್ಟ ವರ್ಷ, ಒಂದು ಬೆಳಿಗ್ಗೆ ಅವರು ಹೇಳಿದರು: ‘ನಾನು ಚಿಕ್ಕವಳಿದ್ದಾಗ ಇದ್ದ ಮನೆಗಳಲ್ಲಿ ಕೆಲವು ಇನ್ನೂ ನೆನಪಿವೆ. ಒಂದ್ಸಲ ನೋಡ್ಕೊಂಡು ಬರ್ತೀನಿ. ನಡ್ಕೊಂಡು.’

‘ಅಮ್ಮ, ಕಾರಲ್ಲಿ ಒಂದೇ ದಿನಕ್ಕೆ ತೋರಿಸ್ತೀನಿ,’ ಎಂದರು ನನ್ನ ಗಂಡ.

‘ಅಪ್ಪ ಸಾಮಾನು ಹೇರ್ಕೊಂಡು ಹೋಗ್ತಿದ್ದ ತಳ್ಳುಗಾಡಿ ಹಿಂದೆ ನಡೆದ ದಾರಿ ಕಣೋ ಅದು. ಕಾರಿನ ಕಿಟಕೀಲಿ ನಂಗೆ ಗುರುತು ಹತ್ತಲ್ಲ.’

‘ನೋಡಿ ಏನ್ಮಾಡ್ತೀಯ?’

‘ಯಾವುದಾದ್ರೂ ಒಂದು ಮನೆಯವರು, ನೀನೂ ಇಲ್ಲಿದ್ದವಳೇ, ಬಾ ಅಂತ ಒಳಗೆ ಕರೆದ್ರೆ ಸಾಕು. ಹೇಳ್ಕೊಳ್ಳೋಕೆ ನಂಗೂ ಒಂದು ಮನೆ ಆಗತ್ತೆ.’

ಆಮೇಲೆ ಯಾರೂ ತಕರಾರು ಮಾಡಲಿಲ್ಲ. ಗಂಡನಿಗೆ ರಜೆ ಇಲ್ಲ, ನನಗೆ ನೆಪ ಇಲ್ಲ. ಜೊತೆಗೆ ನಾನು ಹೊರಟೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಾದೆ ಕಟ್ಟಿದವರು ನಮ್ಮತ್ತೆಯನ್ನು ನೋಡಿರಲಿಲ್ಲ. ಹೆದ್ದಾರಿಯಲ್ಲಿ ಅವರು ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ. ಮೊದಲ ದಿನವೇ ನನ್ನ ಹಿಮ್ಮಡಿಯಲ್ಲಿ ಬೊಬ್ಬೆಗಳು ಎದ್ದವು. ಅವರು ಬಟ್ಟೆ ಸುತ್ತಿ ಕಟ್ಟುತ್ತ, ‘ಇಷ್ಟು ಮೆತ್ತಗಿನ ಕಾಲು ಇಟ್ಕೊಂಡು ಯಾವ ಧೈರ್ಯದ ಮೇಲೆ ಮುನಿಸ್ಕೊಂಡು ಹೋಗ್ತಿದ್ದೆ?’ ಎಂದರು.

‘ಬಸ್ಸಿತ್ತಲ್ಲ ಅತ್ತೆ,’ ಎಂದೆ.

ಸಂಜೆ ಸಿಕ್ಕ ಲಾಡ್ಜಿನಲ್ಲಿ ಉಳಿದುಕೊಂಡರೆ ಅಲ್ಲಿ ಇನ್ನೊಂದು ಕಾಟ. ಬಾಗಿಲು ಹಾಕಿದರೆ ಅವರಿಗೆ ನಿದ್ದೆ ಬಾರದು, ತೆರೆದಿಟ್ಟರೆ ನನಗೆ. ಕೊನೆಗೆ ಚಪ್ಪಲಿ ಒತ್ತುಕೊಟ್ಟು ಅರ್ಧ ತೆರೆದಿಟ್ಟು ರಾಜಿಯಾದೆವು.

ದಾರಿಯುದ್ದಕ್ಕೂ ಆ ಮನೆಗಳದೇ ಮಾತು. ಅವರಮ್ಮ ಮರಳು ಜರಡಿ ಹಿಡಿಯುತ್ತಿದ್ದರು. ಇವರ ಪಾಲಿನ ಕೆಲಸ ಗೋಡೆಗೆ ನೀರು ಹಾಕುವುದು. ಹೊಸ ಗಾರೆ ಬಿರುಕು ಬಿಡದಂತೆ ಬೆಳಿಗ್ಗೆ ಸಂಜೆ ತಂಬಿಗೆಯಲ್ಲಿ ಎರಚಬೇಕು. ‘ಗೋಡೆಗೂ ಬಾಯಾರತ್ತೆ ಅಂತ ಅಪ್ಪ ಹೇಳೋರು. ನಾನು ನಂಬಿದ್ದೆ. ಗೋಡೆಗೆ ಕುಡಿಸಿಯೇ ನಾನು ಕುಡೀತಿದ್ದೆ’ ಎಂದರು. ಬಡಗಿಯನ್ನು ಕಂಡರೆ ಮಾತ್ರ ಅವರಿಗೆ ಆಗುತ್ತಿರಲಿಲ್ಲ. ಒಂದು ಸಲ ಅವನ ಸ್ಕ್ರೂಗಳನ್ನೆಲ್ಲ ಮರಳಿನ ರಾಶಿಯಲ್ಲಿ ಹುಗಿದು, ಅವನು ಮತ್ತೆ ತರುವಷ್ಟರಲ್ಲಿ ಒಂದೆರಡು ದಿನ ಹೆಚ್ಚಿಗೆ ಗಿಟ್ಟಿಸಿಕೊಂಡರಂತೆ. ಅದನ್ನು ಹೇಳುವಾಗ ಈಗಲೂ ಅವರ ಮುಖದಲ್ಲಿ ಗೆದ್ದ ಕಳೆ.

ಆದರೆ ಮನೆಗಳು ನಮ್ಮನ್ನು ಕಾಯುತ್ತ ಕೂತಿರಲಿಲ್ಲ. ಒಂದರ ಜಾಗದಲ್ಲಿ ಪೆಟ್ರೋಲ್ ಬಂಕ್ ಬಂದಿತ್ತು. ಇನ್ನೊಂದು ಹಲ್ಲಿನ ಆಸ್ಪತ್ರೆಯಾಗಿತ್ತು. ಅಲ್ಲಿ ಚೀಟಿ ಕೊಡುವ ಹುಡುಗಿ, ‘ಯಾವ ಹಲ್ಲು ಅಜ್ಜಿ?’ ಎಂದಳು. ‘ಹಲ್ಲು ಗಟ್ಟಿ ಇದೆ ಮಗಳೇ. ನಾನು ಮಲಗ್ತಿದ್ದ ಜಾಗ ನೋಡ್ಬೇಕಿತ್ತು’ ಎಂದರೆ ಆ ಹುಡುಗಿ, ಪಾಪ, ನನ್ನ ಮುಖ ನೋಡಿದಳು. ಅತ್ತೆ ಮಲಗುತ್ತಿದ್ದ ಮೂಲೆಯಲ್ಲಿ ಯಾರೋ ಕುರ್ಚಿಗೆ ಒರಗಿ ಬಾಯಿ ತೆರೆದುಕೊಂಡಿದ್ದರು. ಇಬ್ಬರೂ ಹೊರಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮೂರನೆಯ ಮನೆ ಇದ್ದ ಹಾಗೇ ಇತ್ತು. ಅದರ ಯಜಮಾನ ಗೇಟಿನ ಆಚೆ ನಿಂತೇ ಮಾತಾಡಿದ.

‘ಇಲ್ಲಿದ್ದೋರಾ? ಇದು ನಮ್ಮಪ್ಪ ಹೊಸದಾಗಿ ಕಟ್ಟಿಸಿದ ಮನೆ. ನಮಗಿಂತ ಮುಂಚೆ ಯಾರೂ ಇರಲಿಲ್ಲಮ್ಮ.’

‘ಕಟ್ಟಿದ ಮೇಸ್ತ್ರಿ ಮಗಳು ನಾನು.’

‘ಓ, ಕೆಲಸದವರಾ?’ ಎಂದ. ಕೆಟ್ಟವನೇನಲ್ಲ, ಕುಡಿಯೋಕೆ ನೀರು ಬೇಕಾ ಎಂದೂ ಕೇಳಿದ. ಗೇಟು ಮಾತ್ರ ತೆಗೆಯಲಿಲ್ಲ.

ಅತ್ತೆ ಅಲ್ಲೇ ರಸ್ತೆ ಬದಿಯ ಮೈಲಿಗಲ್ಲಿನ ಮೇಲೆ ಕೂತುಬಿಟ್ಟರು. ‘ಅವನು ಹೇಳಿದ್ದು ಸುಳ್ಳೇನಲ್ಲ ಬಿಡು. ಬಾಗಿಲು ಬರೋ ತನಕ ಇದ್ದೋರನ್ನ ಆ ಮನೇಲಿದ್ದೋರು ಅಂತಾರಾ? ಇನ್ನು ಉಳಿದಿರೋದು ಒಂದೇ. ಅದೂ ಇಷ್ಟೇ. ಬಸ್ಸು ಹತ್ತೋಣ ನಡಿ.’

ಬಸ್ಸಿಗಾಗಿ ಮೊದಲ ದಿನದಿಂದ ಹಂಬಲಿಸುತ್ತಿದ್ದವಳು ನಾನು. ಆದರೆ ಆ ಮಾತು ಕೇಳಿ ಮೈಯೆಲ್ಲ ಉರಿದುಹೋಯಿತು. ‘ಆಗಲ್ಲ,’ ಎಂದೆ. ‘ಹಿಮ್ಮಡಿ ಕಿತ್ತು ಬರೋ ಹಾಗೆ ನಡೆಸಿ ಈಗ ವಾಪಸ್ ಅಂದ್ರೆ ನಾನು ಬರಲ್ಲ. ಆ ಮನೆಯವರು ಏನಂತಾರೋ ಅವರೇ ಹೇಳಲಿ. ಏಳಿ ಅತ್ತೆ.’ ನಾನು ಅವರ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಅವರು ಎದ್ದರು.

ಕೊನೆಯ ಮನೆ ಒಂದು ಗಲ್ಲಿಯ ತುದಿಗಿತ್ತು. ಅತ್ತೆಗಿಂತ ಸ್ವಲ್ಪ ಚಿಕ್ಕ ವಯಸ್ಸಿನ ಹೆಂಗಸೊಬ್ಬರು ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು. ಅತ್ತೆ ಬಂದ ವಿಷಯ ಎತ್ತಲೇ ಇಲ್ಲ. ‘ಸ್ವಲ್ಪ ನೀರು ಕೊಡ್ತೀರಾ?’ ಎಂದಷ್ಟೇ ಕೇಳಿದರು. ನಾನು ತಿವಿದೆ, ಅವರು ನನ್ನ ಕೈ ಚಿವುಟಿದರು.

ಆಕೆ ನಮ್ಮ ಧೂಳು ಹಿಡಿದ ಕಾಲುಗಳನ್ನು ನೋಡಿ, ‘ಒಳಗೇ ಬನ್ನಿ, ಬಿಸಿಲು’ ಎಂದು ಬಟಾಣಿಯ ಬುಟ್ಟಿ ಎತ್ತಿಕೊಂಡು, ಸೊಂಟ ಹಿಡಿದುಕೊಂಡು ಎದ್ದರು. ಅಡುಗೆಮನೆಗೆ ಕರೆದೊಯ್ದು ನೀರು ಬಗ್ಗಿಸಿ ಕೊಡುತ್ತ ಸೊಂಟದ ಕತೆ ಶುರು ಮಾಡಿದರು.

‘ಈ ನೋವು ಈ ಮನೇದೇ ಉಡುಗೊರೆ. ನಮ್ಮ ಮಾವ ಕಟ್ಟಿಸಿದ್ದು. ಎಲ್ಲಾ ಸರಿ, ಈ ಅಡುಗೆಕಟ್ಟೆ ಒಂದು ಬಿಟ್ಟು. ನೋಡಿ, ಎಷ್ಟು ತಗ್ಗು! ಬಗ್ಗಿ ಬಗ್ಗಿ ನಮ್ಮತ್ತೆ ಆ ಮೇಸ್ತ್ರಿಗೆ ಬೈಕೊಂಡೇ ಹೋದ್ರು, ಈಗ ನಾನು ಬೈತಿದೀನಿ. ಯಾವ ಪುಣ್ಯಾತ್ಗಿತ್ತಿ ಅಳತೆಗೆ ಕಟ್ಟಿದ್ನೋ!’

ಅತ್ತೆ ಲೋಟ ಕೆಳಗಿಟ್ಟು ಕಟ್ಟೆಯ ಮುಂದೆ ಹೋಗಿ ನಿಂತರು. ನಮ್ಮತ್ತೆ ಗಿಡ್ಡ, ನಮ್ಮ ಮನೆಯಲ್ಲಿ ಮಣೆ ಹಾಕಿಕೊಂಡು ನಿಂತು ಅಡುಗೆ ಮಾಡುತ್ತಾರೆ. ಇಲ್ಲಿ ಅವರ ಎರಡೂ ಅಂಗೈ ಸಲೀಸಾಗಿ ಕಲ್ಲಿನ ಮೇಲೆ ಕೂತವು.

‘ನಮ್ಮಮ್ಮನ ಅಳತೆಗೆ,’ ಎಂದರು.

‘ಏನಂದ್ರಿ?’

‘ಈ ಮನೆ ಕಟ್ಟಿದ್ದು ನಮ್ಮಪ್ಪ. ಬಾಗಿಲು ಹಾಕೋ ತನಕ ನಾವು ಇಲ್ಲೇ ಇದ್ವಿ. ಈ ಕಟ್ಟೆ ಮೇಲೆ ಮೊದಲು ಅಡುಗೆ ಮಾಡಿದ್ದು ನಮ್ಮಮ್ಮ. ಅವಳೂ ನನ್ನಷ್ಟೇ ಇದ್ದಿದ್ದು. ಚಿಕ್ಕವಳಿಗೆ ಎಲ್ಲಾ ಎತ್ತರಾನೇ ಕಾಣಿಸ್ತಿತ್ತು. ಇವತ್ತೇ ಗೊತ್ತಾಗಿದ್ದು ನಂಗೆ.’ ಅಷ್ಟು ಹೇಳಿ ಅತ್ತೆ ಕಟ್ಟೆ ಹಿಡಿದುಕೊಂಡೇ ಅತ್ತರು. ನನಗೂ ತಡೆಯಲಾಗಲಿಲ್ಲ. ತಮಗೊಂದು ಮನೆ ಕಟ್ಟಿಕೊಳ್ಳದ ಆ ಮೇಸ್ತ್ರಿ, ಬೇರೆಯವರ ಮನೆ ಕಟ್ಟುತ್ತಲೇ ಹೆಂಡತಿಗೊಂದು ಅಡುಗೆಮನೆ ಕಟ್ಟಿಕೊಟ್ಟಿದ್ದರು. ಬಹುಶಃ ಪ್ರತಿ ಊರಲ್ಲೂ.

ಆಕೆ ಕಟ್ಟೆಯನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದರು. ಇವರೂ ‘ಕೆಲಸದವರಾ?’ ಅನ್ನುತ್ತಾರೇನೋ ಎಂದು ನಾನು ಅತ್ತೆಯ ಪಕ್ಕಕ್ಕೆ ಸರಿದೆ.

‘ಅಯ್ಯೋ ದೇವರೇ, ಇಷ್ಟು ವರ್ಷ ನಿಮ್ಮಪ್ಪನಿಗೆ ಬೈದೆನಲ್ರೀ!’ ಎಂದು ಆಕೆ ತಲೆ ಚಚ್ಚಿಕೊಂಡು ನಕ್ಕರು.

ಅತ್ತೆ ಕಣ್ಣೊರೆಸಿಕೊಂಡು, ಸಂಕೋಚಕ್ಕೆ, ಬಟಾಣಿಯ ಬುಟ್ಟಿಗೆ ಕೈ ಹಾಕಿದರು. ಆಕೆ ಬುಟ್ಟಿಯನ್ನು ಕಿತ್ತುಕೊಂಡರು. ‘ಸುಮ್ನೆ ಕೂತ್ಕೊಳ್ಳಿ. ತವರಿಗೆ ಬಂದೋರು ಎಲ್ಲಾದ್ರೂ ಕೆಲಸ ಮಾಡ್ತಾರಾ? ಊಟ ಮಾಡ್ಕೊಂಡೇ ಹೋಗ್ಬೇಕು.’ ತವರು ಅನ್ನುವ ಆ ಮಾತನ್ನು ನಾನು ಆಕೆಗೆ ಹೇಳಿಕೊಟ್ಟಿರಲಿಲ್ಲ.

ಯಾರ ಮನೆಯಲ್ಲಿ ಉಂಡರೂ ‘ಚೆನ್ನಾಗಿದೆ’ ಎಂದೇ ಉಣ್ಣುವವರು ನಮ್ಮತ್ತೆ. ಇಷ್ಟು ವರ್ಷ ನನ್ನ ಕೈಯಡುಗೆಯನ್ನೂ ಹಾಗೇ ಉಂಡರು, ಒಂದು ದಿನ ಒಂದು ಕೊರತೆ ಹೇಳಲಿಲ್ಲ. ಅಂದು ಮೊದಲ ತುತ್ತು ಬಾಯಿಗಿಟ್ಟು, ಸ್ವಲ್ಪ ಹೊತ್ತಿನ ಹಿಂದಷ್ಟೇ ಪರಿಚಯವಾದ ಆ ಹೆಂಗಸಿನ ಕಡೆ ತಿರುಗಿ, ‘ಉಪ್ಪು ಸಾಲದು ಕಣೇ,’ ಎಂದರು.